ಸ್ಲೊವೇನಿಯಾದಲ್ಲಿ ನಾವು ನುಂಗಿದ ಆಟದ ಪೀರಿಯಡ್

ಪದ್ಮನಾಭನಗರ

ಅಕ್ಕನ ತಿಥಿ ಊಟದ ದಿನ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆಂದು ಪೊಲೀಸ್ ಕಾನ್‌ಸ್ಟೆಬಲ್ ಬಂದರು. ಒಳಗೆ ಎಲೆ ಹಾಕಿ ಆಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ಭಾಗ್ಯಲಕ್ಷ್ಮಿ ಮೇಡಂ ಇದಾರಾ?"

"ಇಲ್ಲ ಸಾರ್."

"ಯಾವಾಗ ಬರ್ತಾರೆ? ಅವ್ರೇ ಇರ್ಬೇಕು, ಸೈನ್ ಬೇಕಿತ್ತು."

ಹಾರ ಹಾಕಿದ್ದ ಫೋಟೊ ಕಡೆಗೆ ಕೈ ತೋರಿಸಿದೆ. ಅವರು ಟೋಪಿ ತೆಗೆದರು. ಸ್ವಲ್ಪ ಹೊತ್ತು ಯೋಚಿಸಿ, "ಅಡ್ರೆಸ್ ಅಂತೂ ಕರೆಕ್ಟಾಗಿದೆ ಅಂತ ಬರ್ಕೋತೀನಿ" ಎಂದರು. ಊಟ ಮಾಡಿಕೊಂಡು ಹೋಗಿ ಎಂದೆ. ಕೂತರು. ವಡೆ ಚೆನ್ನಾಗಿದೆ ಎಂದು ಇನ್ನೊಂದು ಹಾಕಿಸಿಕೊಂಡರು.

ಅಕ್ಕ ಪಾಸ್‌ಪೋರ್ಟ್ ಮಾಡಿಸಲು ಹೊರಟಿದ್ದು ಸ್ಲೊವೇನಿಯಾಗೆ ಹೋಗುವುದಕ್ಕೆ. ತಿಲಕ್ ನಗರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅವಳು ಪಿ.ಟಿ. ಟೀಚರ್. ನಾನೂ ಪಿ.ಟಿ. ಮೇಷ್ಟ್ರೇ, ಬೇರೆ ಸರ್ಕಾರಿ ಶಾಲೆಯಲ್ಲಿ. ಸರ್ಕಾರಿ ಶಾಲೆಗಳಿಗೆ ಹೊಸ ದೈಹಿಕ ಶಿಕ್ಷಣ ನೀತಿ ಮಾಡಲು ಒಂದು ಸಮಿತಿ ಆಯಿತು. ಅದರಲ್ಲಿ ಪ್ರೊಫೆಸರುಗಳಿದ್ದರು, ಡಾಕ್ಟರುಗಳಿದ್ದರು, ಯೋಗದವರಿದ್ದರು. ಮಕ್ಕಳನ್ನು ದಿನಾ ಬಿಸಿಲಿಗೆ ಬಿಡುವವರೂ ಒಬ್ಬರಿರಲಿ ಎಂದು ಕೊನೆಗೆ ಅಕ್ಕನನ್ನು ಸೇರಿಸಿದರು. ಪ್ರತಿಯೊಬ್ಬ ಸದಸ್ಯರೂ ಒಬ್ಬ ಬದಲಿಯನ್ನು ಸೂಚಿಸಬೇಕಿತ್ತು. ಅವಳು ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟಿದ್ದಳು. ಡೆಂಗಿ ಜ್ವರ ಅವಳನ್ನು ಕರೆದುಕೊಂಡು ಹೋದ ಮೇಲೆ ಇಲಾಖೆಯಿಂದ ಫೋನ್ ಬಂದಾಗಲೇ ಅದು ನನಗೆ ಗೊತ್ತಾಗಿದ್ದು.

ಸಮಿತಿಯಲ್ಲಿ ಅಕ್ಕನಿಗೆ ಬೇಕಿದ್ದದ್ದು ಒಂದೇ ವಾಕ್ಯ. ಪರೀಕ್ಷೆ ಹತ್ತಿರ ಬಂದ ಹಾಗೆ ನಮ್ಮ ಶಾಲೆಗಳಲ್ಲಿ ಆಟದ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. "ಪೋರ್ಷನ್ ಮುಗ್ದಿಲ್ಲ ಗುರು, ಇವತ್ತೊಂದು ಕೊಡು" ಎಂದು ಕೇಳುವುದು, ಕೊಡುವುದು ವಾಡಿಕೆ. ವಾಪಸ್ ಕೊಡುವ ವಾಡಿಕೆ ಇಲ್ಲ. ಅಕ್ಕ ಮಾತ್ರ ವಾಪಸ್ ಕೇಳುತ್ತಿದ್ದಳು. ಕೊಡದಿದ್ದರೆ ಗಣಿತದ ತರಗತಿಯ ಬಾಗಿಲಲ್ಲಿ ಸುಮ್ಮನೆ ಹೋಗಿ ನಿಲ್ಲುತ್ತಿದ್ದಳು, ಸೀರೆ, ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಷಲ್. ಮಾತಿಲ್ಲ. ಮಕ್ಕಳೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದರೆ ಎಂಥ ಮೇಷ್ಟ್ರಿಗೂ ತ್ರಿಕೋನಮಿತಿ ನಡೆಯುವುದಿಲ್ಲ. ಇದನ್ನೇ ಅವಳು ನೀತಿಯ ಕರಡು ಪ್ರತಿಗೆ ಬರೆದುಕೊಟ್ಟಿದ್ದಳು: ಬೇರೆ ವಿಷಯಕ್ಕೆ ಬಳಸಿಕೊಂಡ ಆಟದ ಅವಧಿಯನ್ನು ಅದೇ ವಾರ ಆ ವಿಷಯದ ಅವಧಿಯಿಂದ ಮಕ್ಕಳಿಗೆ ಹಿಂದಿರುಗಿಸತಕ್ಕದ್ದು.

ನಾನು ಹೋದ ಮೊದಲ ಸಭೆಯ ಹೊತ್ತಿಗೆ ಆ ವಾಕ್ಯ "ಸಾಧ್ಯವಾದ ಮಟ್ಟಿಗೆ ಹಿಂದಿರುಗಿಸಲು ಕ್ರಮ ವಹಿಸಬಹುದು" ಎಂದಾಗಿತ್ತು. ಸರ್ಕಾರದಲ್ಲಿ ಯಾವುದನ್ನೂ ಹೊಡೆದುಹಾಕುವುದಿಲ್ಲ. ನಾಲ್ಕು ಪದ ಸೇರಿಸುತ್ತಾರೆ, ಅಷ್ಟೇ. ಕೊನೆಯ ತೀರ್ಮಾನ ಸ್ಲೊವೇನಿಯಾದ ಅಧ್ಯಯನ ಪ್ರವಾಸದ ವರದಿಯ ಜೊತೆಗೆ ಎಂದು ಹೇಳಿದರು.

ಸ್ಲೊವೇನಿಯಾ ಯಾಕೆ ಎಂದು ನೀವು ಕೇಳಬಹುದು. ಸಮಿತಿಗಳೆಲ್ಲ ಫಿನ್ಲೆಂಡಿಗೆ ಹೋಗುತ್ತವೆ. ನಮಗಿಂತ ಮೊದಲು ಇನ್ನೊಂದು ಸಮಿತಿ ಅಲ್ಲಿಗೆ ಹೋಗಿ ಬಂದುಬಿಟ್ಟಿತ್ತು. ಆಗ ಅಕ್ಕ ಈ ಹೆಸರು ಹೇಳಿದ್ದಳಂತೆ. ಆ ದೇಶದಲ್ಲಿ ಪ್ರತಿ ಮಗುವಿಗೂ ಶಾಲೆಯೇ ಈಜು ಕಲಿಸುತ್ತದೆ, ಇಡೀ ತರಗತಿ ಬೆಟ್ಟ ಹತ್ತುವುದಕ್ಕೆಂದೇ ಪಾಠವಿಲ್ಲದ ದಿನಗಳಿವೆ ಎಂದು ಎಲ್ಲೋ ಓದಿದ್ದಳು. ಯಾರೂ ನೋಡದ ದೇಶ ಎಂಬ ಕಾರಣಕ್ಕೆ ಸಮಿತಿ ತಕ್ಷಣ ಒಪ್ಪಿತು.

ವಿಮಾನದಲ್ಲಿ

ಹೊರಟವರು ಮೂವರು. ಅಧ್ಯಕ್ಷರು ರಾಮಕೃಷ್ಣಪ್ಪನವರು. ಹೊಸಕೆರೆಹಳ್ಳಿ ಕಡೆಯ ಹಳೇ ಒಕ್ಕಲು ಮನೆತನ. ಅವರ ತಂದೆ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಈಗ ಇವರ ಟ್ಯೂಷನ್ ಸೆಂಟರ್ ಇದೆ. ಟ್ಯೂಷನ್ ನಡೆಸುವವರು ಆಟದ ಸಮಿತಿಗೆ ಹೇಗೆ ಅಧ್ಯಕ್ಷರಾದರು ಎಂದರೆ, ಹುಡುಗನಾಗಿದ್ದಾಗ ಅವರು ಕಬಡ್ಡಿ ಆಡಿದ್ದರು. ಮಂತ್ರಿಗಳೂ ಅದೇ ತಂಡದಲ್ಲಿದ್ದರು. ಇನ್ನೊಬ್ಬರು ಅಧೀನ ಕಾರ್ಯದರ್ಶಿ ವಿಮಲಾ ಮೇಡಂ. ಕಡಿಮೆ ಮಾತಿನವರು. ಅವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅವಲಕ್ಕಿ, ಮೈಸೂರು ಪೇಟಗಳು, ಶಾಲುಗಳು, ಗಂಧದ ಹಾರಗಳು ಇದ್ದವು.

ವಿಮಾನ ಏರುತ್ತಿದ್ದಂತೆ ಮೇಡಂ ಲ್ಯಾಪ್‌ಟಾಪ್ ತೆರೆದರು. ಪರದೆಯ ಮೇಲೆ "ನಿಯೋಗವು ಕಂಡುಕೊಂಡ ಅಂಶಗಳು" ಎಂದಿತ್ತು.

"ಇನ್ನೂ ಹೋಗ್ತಾ ಇದೀವಲ್ಲ ಮೇಡಂ" ಎಂದೆ.

"ವರದಿ ರೆಡಿ ಇದೆ ಮೇಷ್ಟ್ರೇ. ನೋಡೋದೊಂದು ಬಾಕಿ" ಎಂದರು. ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಅವರ ಮುಖದಿಂದ ತಿಳಿಯುವುದಿಲ್ಲ.

ಊಟದ ತಟ್ಟೆ ತೆಗೆದ ಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನಿಮ್ಮಕ್ಕ ನನ್ ಜೊತೆ ಎಷ್ಟ್ ಜಗಳ ಆಡಿದಾಳೆ ಗೊತ್ತಾ? ಒಂದ್ಸಲ ನನ್ ಮುಂದಿದ್ದ ಟೀನೇ ಎತ್ತಿಟ್ಬಿಟ್ಳು. ಮೊದ್ಲು ಉತ್ರ ಹೇಳಿ ಸಾರ್, ಆಮೇಲೆ ಕುಡೀರಿ ಅಂದ್ಳು."

"ಹೇಳಿದ್ರಾ ಸಾರ್?"

"ಟೀ ತಣ್ಣಗಾಗೋಯ್ತು" ಎಂದು ನಕ್ಕರು. ಆಮೇಲೆ ತುಸು ಹೊತ್ತು ಕಿಟಕಿಯ ಆಚೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಲ್ಯುಬ್ಲಿಯಾನಾ

ರಾಜಧಾನಿ ಎಂದು ಹೇಳಿದ್ದರಿಂದ ನಾವು ಗಲಾಟೆ ನಿರೀಕ್ಷಿಸಿದ್ದೆವು. ಒಂದು ನದಿ, ಅದರ ಮೇಲೆ ಸಣ್ಣಸಣ್ಣ ಸೇತುವೆಗಳು, ಗುಡ್ಡದ ಮೇಲೊಂದು ಕೋಟೆ, ಕಾಫಿ ಕಪ್ಪಿನ ಮುಂದೆ ಗಂಟೆಗಟ್ಟಲೆ ಕೂರುವ ಜನ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹಬ್ಬದ ಹಿಂದಿನ ಸಂಜೆ ಇರುವಷ್ಟು ಜನ ಇಡೀ ಪೇಟೆಯಲ್ಲಿ ಇದ್ದಂತೆ ಕಾಣಲಿಲ್ಲ.

ಅಲ್ಲಿನವರ ಒಂದು ಅಭ್ಯಾಸ ನಮ್ಮನ್ನು ಮೊದಲ ದಿನವೇ ಕಂಗೆಡಿಸಿತು. ರಸ್ತೆ ದಾಟುವಲ್ಲಿ ನಡೆಯುವವರಿಗೆ ಕೆಂಪು ದೀಪ ಇದ್ದರೆ ಅವರು ನಿಲ್ಲುತ್ತಾರೆ. ಎಡಕ್ಕೆ ಗಾಡಿ ಇಲ್ಲ, ಬಲಕ್ಕೆ ಇಲ್ಲ, ದೂರದಲ್ಲೂ ಇಲ್ಲ. ಆದರೂ ನಿಲ್ಲುತ್ತಾರೆ. ನಾವೂ ನಿಂತೆವು. ಬಿ.ಟಿ.ಎಂ. ಲೇಔಟಿನಲ್ಲಿ ಬಸ್ಸಿಗೂ ಸ್ಕೂಟರಿಗೂ ನಡುವೆ ನುಸುಳಿ ಬದುಕಿದ ಕಾಲುಗಳಿಗೆ ಖಾಲಿ ರಸ್ತೆಯ ಮುಂದೆ ನಿಲ್ಲುವುದು ನಿಜವಾಗಿಯೂ ಕಷ್ಟ. ಅಧ್ಯಕ್ಷರು ತಡೆಯಲಾರದೆ ಇಳಿದೇಬಿಟ್ಟರು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಒಂದು ಕೈಯಲ್ಲಿ ನಾಯಿ ಇನ್ನೊಂದು ಕೈಯಲ್ಲಿ ಬ್ರೆಡ್ಡು, ಅವರಿಗೆ ಜೋರಾಗಿ ಏನೋ ಹೇಳಿದಳು. ಭಾಷೆ ಬೇಕಿರಲಿಲ್ಲ. ರಸ್ತೆಯ ಮಧ್ಯಕ್ಕೆ ಹೋಗಿದ್ದ ಅಧ್ಯಕ್ಷರು ಹಿಂದಕ್ಕೆ ಬಂದು, "ಸಾರಿ ಅಜ್ಜಿ, ಗೊತ್ತಾಗ್ಲಿಲ್ಲ" ಎಂದು ಕನ್ನಡದಲ್ಲೇ ಹೇಳಿ ಕೈಕಟ್ಟಿ ನಿಂತರು. ದೀಪ ಹಸಿರಾದಾಗ ಅಜ್ಜಿಯೇ ಅವರ ತೋಳು ತಟ್ಟಿ ಹೊರಡಿಸಿದಳು.

ನೀರು ಕೇಳಿದರೆ ಸೋಡಾ ಕೊಟ್ಟರು. ಸಾರು ಎಂದು ಕುಡಿದದ್ದರಲ್ಲಿ ಮಾಂಸದ ತುಂಡು ಸಿಕ್ಕಿತು. ಮೇಡಂ ಅದನ್ನು ಪಕ್ಕಕ್ಕೆ ಸರಿಸಿ ಅವಲಕ್ಕಿಯ ಪೊಟ್ಟಣ ಬಿಚ್ಚಿದರು.

ಶಾಲೆ

ಊರ ಹೊರಗಿನ ಒಂದು ಸರ್ಕಾರಿ ಶಾಲೆಗೆ ನಮ್ಮನ್ನು ಕರೆದುಕೊಂಡು ಹೋದರು. ಬಾಗಿಲಲ್ಲೇ ಶೂ ಬಿಡಬೇಕು. ಮಕ್ಕಳೆಲ್ಲ ಒಳಗೆ ಬಟ್ಟೆಯ ಚಪ್ಪಲಿ ಹಾಕಿಕೊಂಡಿದ್ದರು. ಅತಿಥಿಗಳಿಗೆಂದು ಒಂದು ಬುಟ್ಟಿಯಲ್ಲಿ ಚಪ್ಪಲಿಗಳಿದ್ದವು. ಅಧ್ಯಕ್ಷರಿಗೆ ಇದು ಬಹಳ ಹಿಡಿಸಿತು. "ದೇವಸ್ಥಾನದ ಥರ ಇದೆ ಮೇಷ್ಟ್ರೇ. ಚಪ್ಪಲಿ ಕಾಯೋರು ಮಾತ್ರ ಇಲ್ಲ" ಎಂದರು. ಅವರ ಕಾಲಿಗೆ ಸರಿಹೊಂದಿದ್ದು ಮೊಲದ ಕಿವಿಗಳಿದ್ದ ಒಂದು ಜೊತೆ ಮಾತ್ರ.

ಅಲೆಂಕಾ ಎಂಬ ಪಿ.ಟಿ. ಟೀಚರ್ ನಮ್ಮನ್ನು ಜಿಮ್‌ಗೆ ಕರೆದೊಯ್ದರು. ನನ್ನ ವಯಸ್ಸಿನವರು, ಮಾತು ಮೆಲ್ಲಗೆ. ಮರದ ನೆಲ, ಗೋಡೆಯುದ್ದಕ್ಕೂ ಏಣಿ, ಮೇಲಿನಿಂದ ಇಳಿಬಿಟ್ಟ ಹಗ್ಗ. ನಮ್ಮ ಏಳನೇ ಕ್ಲಾಸಿನಷ್ಟು ದೊಡ್ಡ ಮಕ್ಕಳು ಆಟದ ಬಟ್ಟೆ ಹಾಕಿಕೊಂಡು ಬಂದರು. ಈಗ ಅವರ ಆಟದ ಪೀರಿಯಡ್, ನೀವು ನೋಡಬಹುದು ಎಂದು ಅಲೆಂಕಾ ಇಂಗ್ಲಿಷಿನಲ್ಲಿ ಹೇಳಿದರು.

ನೋಡುವ ಮೊದಲು ಸನ್ಮಾನ ಮಾಡಬೇಕಲ್ಲ.

ಮೇಡಂ ಬ್ಯಾಗಿನ ಜಿಪ್ ಎಳೆದರು. ಹೆಡ್‌ಮಾಸ್ಟರನ್ನು ಕರೆಸಲಾಯಿತು. ಅವರಿಗೆ ಪೇಟ, ಶಾಲು, ಹಾರ. ಉಪ ಹೆಡ್‌ಮಾಸ್ಟರಿಗೆ ಪೇಟ, ಶಾಲು, ಹಾರ. ಹೆಡ್‌ಮಾಸ್ಟರ್ ಪೇಟವನ್ನು ತಿರುಗುಮುರುಗು ಹಾಕಿಕೊಂಡಿದ್ದರಿಂದ ಫೋಟೊ ಮತ್ತೊಮ್ಮೆ ತೆಗೆಯಬೇಕಾಯಿತು. ಅಡುಗೆಯವರು, ಗುಡಿಸುವವರು ಬಾಗಿಲಲ್ಲಿ ಇಣುಕಿದ್ದನ್ನು ನೋಡಿ ಅಧ್ಯಕ್ಷರು ಅವರನ್ನೂ ಒಳಗೆ ಕರೆದು ಶಾಲು ಹೊದಿಸಿದರು. ಅವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆಮೇಲೆ ಭಾಷಣ. ಆಟ ಮಕ್ಕಳ ಉಸಿರು, ಆಟವಿಲ್ಲದ ಶಾಲೆ ಶಾಲೆಯಲ್ಲ, ಎಂದು ಮೊಲದ ಕಿವಿಗಳ ಮೇಲೆ ನಿಂತು ಹೇಳಿದರು. ಇಂಗ್ಲಿಷ್ ಮುಗಿದ ಮೇಲೆ ಭಾವ ಉಕ್ಕಿ ಕನ್ನಡಕ್ಕೆ ಬಂದರು.

ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದರು. ಆ ಕೂರುವ ರೀತಿ ನನಗೆ ಚೆನ್ನಾಗಿ ಗೊತ್ತು. ಬೆನ್ನು ನೆಟ್ಟಗೆ, ಮುಖದಲ್ಲಿ ವಿಧೇಯತೆ, ಕೆಳಗೆ ಒಂದು ಪಾದ ಮಾತ್ರ ಅಲ್ಲಾಡುತ್ತಿರುತ್ತದೆ. ಒಬ್ಬಳು ಹುಡುಗಿ ಚೆಂಡನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಅದರ ಮೇಲೆ ಗಲ್ಲ ಊರಿದ್ದಳು. ಭಾಷಣ ಕನ್ನಡಕ್ಕೆ ತಿರುಗಿದಾಗ ಅವಳು ಕಣ್ಣು ಮುಚ್ಚಿದಳು. ಆಟದ ಪೀರಿಯಡ್ ಹೇಗೆ ನಡೆಯುತ್ತದೆ ಎಂದು ನೋಡಲು ಅಷ್ಟು ದೂರದಿಂದ ಬಂದವರು ನಾವು. ಬೆಲ್ ಹೊಡೆಯಿತು. ಪೀರಿಯಡ್ ಮುಗಿಯಿತು.

ಮಕ್ಕಳು ಎದ್ದು ಹೋದರು. ಅಲೆಂಕಾ ಪಕ್ಕದಲ್ಲಿ ನಿಂತಿದ್ದರು. ಅವರ ತಲೆಯ ಮೇಲೂ ಪೇಟ ಇತ್ತು. ಕ್ಷಮಿಸಿ, ನಮ್ಮಿಂದ ಮಕ್ಕಳ ಪೀರಿಯಡ್ ಹಾಳಾಯಿತು ಎಂದೆ.

"ಪರವಾಗಿಲ್ಲ" ಎಂದರು. "ನಾಳೆ ಗಣಿತದ ಗಂಟೆಯಲ್ಲಿ ಆಡುತ್ತಾರೆ."

ನನಗೆ ಸರಿಯಾಗಿ ಕೇಳಿಸಿತೇ ಎಂದು ಅನುಮಾನ ಬಂತು. "ಗಣಿತದ ಮೇಷ್ಟ್ರು ಕೊಡುತ್ತಾರಾ?"

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ.

"ಕೊಡುವುದೇನು? ಇವತ್ತು ಅತಿಥಿಗಳು ಬರಲಿ ಎಂದು ತೀರ್ಮಾನ ಮಾಡಿದ್ದು ಎಲ್ಲರೂ ಸೇರಿ. ನಷ್ಟ ಮಾತ್ರ ನನ್ನ ಗಂಟೆಗೆ ಯಾಕೆ?" ಎಂದು ಹೇಳಿ ಪೇಟ ಸರಿಮಾಡಿಕೊಂಡರು.

ಅದೇ ಸಂಜೆ, ಹೋಟೆಲು

ಊಟಕ್ಕೆ ಕೂತಾಗ ನಾನು ಆ ವಾಕ್ಯದ ವಿಷಯ ತೆಗೆದೆ. ಸಮಿತಿಯಲ್ಲಿ ನಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. ಇಲ್ಲಿ ನೋಡಿದ್ದನ್ನೇ ಅಕ್ಕ ಬರೆದಿದ್ದಳು, ಇದ್ದ ಹಾಗೇ ಬಿಡಿ ಸಾರ್ ಎಂದೆ.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಫೋರ್ಕು ಕೆಳಗಿಟ್ಟರು.

"ಮೇಷ್ಟ್ರೇ, ಎಸ್ಸೆಸ್ಸೆಲ್ಸಿ ರಿಸಲ್ಟ್ ಕಮ್ಮಿ ಆದ್ರೆ ಮಂತ್ರಿಗಳು ನನ್ನ ಕೇಳ್ತಾರೆ. ಪೇರೆಂಟ್ಸ್ ಕೇಳ್ತಾರೆ. ಪೇಪರ್‌ನೋರು ಕೇಳ್ತಾರೆ. ಆಟದ ಪೀರಿಯಡ್ ಹೋಯ್ತು ಅಂತ ಯಾರಾದ್ರೂ ಕೇಳಿದಾರಾ ಇಷ್ಟ್ ದಿನ?"

"ಅಕ್ಕ ಕೇಳಿದ್ಳಲ್ಲ ಸಾರ್."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಧ್ವನಿ ತಗ್ಗಿಸಿದರು. "ನಾನೊಂದ್ ಯೋಚ್ನೆ ಮಾಡಿದೀನಿ. ಒಳ್ಳೆ ಪಿ.ಟಿ. ಟೀಚರ್ಸ್‌ಗೆ ವರ್ಷಾ ವರ್ಷಾ ರಾಜ್ಯ ಪ್ರಶಸ್ತಿ. ನೀತೀಲೇ ಬರ್ಸೋಣ. ನಿಮ್ಮಕ್ಕನ ಹೆಸ್ರಲ್ಲಿ. ಭಾಗ್ಯಲಕ್ಷ್ಮಿ ಪ್ರಶಸ್ತಿ. ಮಂತ್ರಿಗಳ್ನ ನಾನು ಒಪ್ಪಿಸ್ತೀನಿ. ಆದ್ರೆ ಆ ವಾಕ್ಯ ಈಗಿರೋ ಥರಾನೇ ಇರ್ಲಿ. ಎರಡೂ ಅಂತ ಕೇಳ್ಬೇಡಿ, ಆಗಲ್ಲ. ಯೋಚ್ನೆ ಮಾಡಿ ಹೇಳಿ."

ಮೋಸ ಮಾಡಲು ಹೇಳಿದ್ದಲ್ಲ. ಅವರಿಗೆ ಅಕ್ಕನ ಮೇಲೆ ಗೌರವವಿತ್ತು, ಗೌರವವನ್ನು ಅವರು ಬಲ್ಲ ರೀತಿಯಲ್ಲಿ ತೋರಿಸುತ್ತಿದ್ದರು. ಶಾಲು ಹೊದಿಸುವ ಹಾಗೆ.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಅಕ್ಕ ಹೋದ ಮೇಲೆ ಅಮ್ಮ ಫೋನಿನಲ್ಲಿ ಹೂಂ, ಉಹುಂ ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ. ಪ್ರಶಸ್ತಿಯ ಮಾತು ಬಾಯಿಂದ ಬಂದುಬಿಟ್ಟಿತು.

"ಅವಳ ಹೆಸ್ರು ಇಡ್ತಾರಾ?" ಎಂದರು ಅಮ್ಮ. "ಇನ್ಮೇಲೆ ವರ್ಷಾ ವರ್ಷಾ ಹೇಳ್ತಾರಾ ಸ್ಟೇಜ್ ಮೇಲೆ?"

"ಇನ್ನೂ ಗ್ಯಾರಂಟಿ ಇಲ್ಲಮ್ಮ."

"ಮೈಕಲ್ಲಿ ಹೇಳ್ತಾರಾ?"

"ಹೂಂ, ಮೈಕಲ್ಲೇ."

ಅಮ್ಮ ನಕ್ಕರು. ಪಕ್ಕದ ಮನೆಯ ಆಂಟಿಯನ್ನು ಕೂಗಿ ಹೇಳುವುದು ನನಗೆ ಕೇಳಿಸಿತು.

ಮತ್ತೆ ಶಾಲೆ

ಆ ದಿನ ನಮಗೆ ಸರೋವರ ನೋಡುವ ಕಾರ್ಯಕ್ರಮವಿತ್ತು. ನಡುವೆ ದ್ವೀಪ, ದ್ವೀಪದ ಮೇಲೆ ಚರ್ಚು, ದಡದಲ್ಲಿ ಕೆನೆಯ ಕೇಕು. ಅಧ್ಯಕ್ಷರೂ ಮೇಡಮ್ಮೂ ಹೋದರು. ತಲೆನೋವು ಎಂದು ಹೇಳಿ ನಾನು ಬಸ್ಸು ಹಿಡಿದು ಶಾಲೆಗೆ ಹೋದೆ. ತಪ್ಪು ಸ್ಟಾಪಿನಲ್ಲಿ ಇಳಿದು, ದಾರಿ ಕೇಳಿದರೆ ಒಬ್ಬ ಮುದುಕ ತನ್ನ ಕೆಲಸ ಬಿಟ್ಟು ಶಾಲೆಯ ಗೇಟಿನವರೆಗೂ ಜೊತೆಗೆ ನಡೆದು ಬಂದ. ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ನಮ್ಮಲ್ಲಾದರೆ ನಿಂತಲ್ಲೇ ದಾರಿ ಹೇಳಿ, ಊರು, ಕೆಲಸ, ಮಕ್ಕಳೆಷ್ಟು ಎಂದೆಲ್ಲ ತಿಳಿದುಕೊಂಡು ಕಳಿಸುತ್ತಿದ್ದರು.

ವಾಪಸ್ ಬಂದ ಪೀರಿಯಡ್ ಹೇಗಿರುತ್ತದೆ ಎಂದು ನಾನು ನೋಡಬೇಕಿತ್ತು. ಅಕ್ಕ ಅದಕ್ಕಾಗಿ ಎಷ್ಟು ಬಾಗಿಲುಗಳಲ್ಲಿ ನಿಂತಿದ್ದಳು.

ಗಣಿತದ ಮೇಷ್ಟ್ರು ತಾವೇ ಮಕ್ಕಳನ್ನು ಕರೆತಂದರು. ದಪ್ಪ ಮೀಸೆ, ದಪ್ಪ ಹೊಟ್ಟೆ. "ಎರಡು ಬೆಂಕಿಗಳ ನಡುವೆ" ಎಂಬುದು ಆಟದ ಹೆಸರು. ಎರಡು ತಂಡ, ಒಂದು ಚೆಂಡು. ಮಧ್ಯದಲ್ಲಿ ಸಿಕ್ಕಿದವರಿಗೆ ಎರಡೂ ಕಡೆಯಿಂದ ಹೊಡೆಯುತ್ತಾರೆ, ತಪ್ಪಿಸಿಕೊಳ್ಳಬೇಕು. ಮಕ್ಕಳು ಎಳೆದರೆಂದು ಮೇಷ್ಟ್ರೂ ಇಳಿದರು. ಮೊದಲ ಚೆಂಡಿಗೇ ಅವರ ಹೊಟ್ಟೆ ಸಿಕ್ಕಿತು. ಔಟಾಗಿ ನನ್ನ ಪಕ್ಕ ಬೆಂಚಿನ ಮೇಲೆ ಬಂದು ಕೂತು ಬೆವರು ಒರೆಸಿಕೊಂಡರು.

ವಿಶೇಷವೇನೂ ನಡೆಯಲಿಲ್ಲ. ಇಬ್ಬರು ಹುಡುಗರು ಜಗಳ ಆಡಿದರು. ಒಬ್ಬನಿಗೆ ಆಟ ಬೇಡವಾಗಿತ್ತು, ಏಣಿಗೆ ಒರಗಿ ಆಕಳಿಸುತ್ತಿದ್ದ. ಹಿಂದಿನ ದಿನ ಚೆಂಡಿನ ಮೇಲೆ ಗಲ್ಲ ಊರಿದ್ದ ಹುಡುಗಿ ಓಡಿದಳು, ಬಿದ್ದಳು, ಬೆನ್ನಿಗೆ ಏಟು ತಿಂದು ನೆಲದ ಮೇಲೆ ಹೊರಳಿ ನಕ್ಕಳು. ಈ ಗಂಟೆ ಎಲ್ಲಿಂದ ಬಂತು, ಯಾರು ತಂದುಕೊಟ್ಟರು ಎಂದು ಒಂದು ಮಗುವೂ ಕೇಳಲಿಲ್ಲ. ಅವರ ಪಾಲಿಗೆ ಅದು ಅವರದೇ ಗಂಟೆ. ಯಾರ ಹೆಸರೂ ಅದರ ಮೇಲೆ ಇರಲಿಲ್ಲ.

ಬೆಲ್ ಆದ ಮೇಲೂ ನಾನು ಕೂತೇ ಇದ್ದೆ. ಅಲೆಂಕಾ ಬಂದು, "ಹುಷಾರಾಗಿದ್ದೀರಾ?" ಎಂದು ಕೇಳಿದರು. ತಲೆನೋವು ಎಂದೆ. ಅವರು ಏನನ್ನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟು, ಚೆಂಡುಗಳನ್ನು ಆಯ್ದು ಬಲೆಗೆ ತುಂಬಲು ಹೋದರು.

ಫ್ರಾಂಕ್‌ಫರ್ಟ್

ಬೆಂಗಳೂರಿನ ವಿಮಾನಕ್ಕೆ ಕಾಯುತ್ತಾ ಮೂವರೂ ಸಾಲು ಕುರ್ಚಿಗಳಲ್ಲಿ ಕೂತೆವು. ಇಳಿದ ತಕ್ಷಣ ವರದಿ ಕಳಿಸಬೇಕೆಂದು ಮೇಡಂ ಲ್ಯಾಪ್‌ಟಾಪ್ ತೆರೆದಿದ್ದರು.

"ಏನ್ ಯೋಚ್ನೆ ಮಾಡಿದ್ರಿ ಮೇಷ್ಟ್ರೇ?" ಅಧ್ಯಕ್ಷರು ಕೇಳಿದರು.

"ಹೆಸ್ರು ಬೇಡ ಸಾರ್. ಅವಳು ಬರ್ದಿದ್ದು ಇರ್ಲಿ."

"ಸರಿಯಾಗ್ ಯೋಚ್ನೆ ಮಾಡಿದೀರಾ? ವಾಕ್ಯ ಯಾರು ಓದ್ತಾರೆ? ಹೆಸ್ರು ಅಂದ್ರೆ ಶಾಶ್ವತ."

"ಗೊತ್ತು ಸಾರ್."

"ನೀವು ಸೈನ್ ಹಾಕ್ದಿದ್ರೂ ವರದಿ ಹೋಗುತ್ತೆ, ತಿಳ್ಕೊಳಿ."

"ಹೋಗುತ್ತೆ ಸಾರ್" ಎಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಆದ್ರೆ ಅವ್ರು ಅಸಮ್ಮತಿ ಅಂತ ಎರಡ್ ಸಾಲು ಬರ್ದು ಕೊಟ್ರೆ ಜೊತೇಲಿ ಹಚ್ಲೇಬೇಕು. ಆಮೇಲೆ ಮತ್ತೆ ಸಭೆ, ಮತ್ತೆ ಚರ್ಚೆ. ಈ ತಿಂಗ್ಳೇ ನೀತಿ ಬಿಡುಗಡೆ ಅಂತ ಮಂತ್ರಿಗಳು ಹೇಳಿರೋದು, ಅದಾಗಲ್ಲ."

ಅಧ್ಯಕ್ಷರು ಮೇಡಂ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ಬರೀತೀರಾ?"

"ಬರೀತೀನಿ ಸಾರ್."

ಅವರು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. "ಮನೆ ಮಂದಿಯೆಲ್ಲ ಹಿಂಗೇನಾ ನೀವು?" ಎಂದು ಎದ್ದರು. "ಅವಳ ವಾಕ್ಯಾನೇ ಹಾಕ್ಕೊಳಿ ಮೇಡಂ. ಮಂತ್ರಿಗಳು ಬೈದ್ರೆ ನಾನ್ ಬೈಸ್ಕೋತೀನಿ. ಪ್ರಶಸ್ತಿ ಪ್ಯಾರಾ ತೆಗ್ದುಬಿಡಿ." ಕಾಫಿ ತರುತ್ತೇನೆಂದು ಹೋದವರು ಬಹಳ ಹೊತ್ತು ಬರಲಿಲ್ಲ.

ಮೇಡಂ ಒಂದು ಪ್ಯಾರಾ ಅಳಿಸಿದರು. ಅಕ್ಕನ ಹೆಸರಿದ್ದದ್ದು ಅಲ್ಲಿ ಮಾತ್ರ. ಒಂದು ಬಟನ್ ಒತ್ತಿದ್ದಕ್ಕೆ ಹೋಯಿತು. ಅಮ್ಮನಿಗೆ ಏನು ಹೇಳುವುದೆಂದು ನನಗೆ ತಿಳಿಯಲಿಲ್ಲ. ಈಗಾಗಲೇ ಅರ್ಧ ಬೀದಿಗೆ ಗೊತ್ತಾಗಿರುತ್ತದೆ.

"ಹೇಳಿ ಮೇಷ್ಟ್ರೇ" ಎಂದರು ಮೇಡಂ. "ಅವ್ರು ಬರ್ದಿದ್ದು ನಿಮ್ಗೆ ನೆನಪಿರ್ಬೇಕು."

ಹೇಳಿದೆ. ಬೇರೆ ವಿಷಯಕ್ಕೆ ಬಳಸಿಕೊಂಡ ಆಟದ ಅವಧಿಯನ್ನು. ಅವರು ಟೈಪ್ ಮಾಡುವವರೆಗೂ ನಿಲ್ಲಿಸಿದೆ. ಅದೇ ವಾರ ಆ ವಿಷಯದ ಅವಧಿಯಿಂದ. ಮಕ್ಕಳಿಗೆ. ಇಲ್ಲಿ ಮತ್ತೆ ನಿಲ್ಲಿಸಿದೆ. ಮೇಡಂ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾದರು. ಹಿಂದಿರುಗಿಸತಕ್ಕದ್ದು.

"ಮುಂದೆ?"

"ಅಷ್ಟೇ ಮೇಡಂ. ಮುಂದೆ ಏನೂ ಇಲ್ಲ."

ಅವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಒಂದೂವರೆ ಸಾಲು ಇತ್ತು. ಓದಿದೆ. ಸರಿಯಾಗಿದೆ ಎಂದೆ.